ಸಿಮ್ಸ್ 4 ಬಿಟ್ಟು ಮತ್ತೆ ಸನ್‌ಸೆಟ್ ವ್ಯಾಲಿಗೆ

ಸಿಮ್ಸ್ 4 ಅನ್ನೋ ಕಂಪ್ಯೂಟರ್ ಆಟ ಬಿಟ್ಟಿ ಸಿಗುತ್ತದೆ. 2022ರ ಅಕ್ಟೋಬರ್‌ನಿಂದ ಅದರ ಮೂಲ ಆಟಕ್ಕೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ಅದನ್ನು ಬಿಟ್ಟು 2009ರ ಸಿಮ್ಸ್ 3ಕ್ಕೆ ದುಡ್ಡು ಕೊಟ್ಟು ವಾಪಸ್ ಹೋದೆ ಅಂದಾಗ ನಾನು ಕೆಲಸ ಮಾಡುವ ಜೀನ್ಸ್ ಯೂನಿಟ್‌ನ ಹುಡುಗರಿಗೆ ಆಶ್ಚರ್ಯ. ಯಾಕೆ ಹೋದೆ, ಹೇಗೆ ಹೋದೆ, ಬಳ್ಳಾರಿ ಬಿಸಿಲಿನಲ್ಲಿ ಹಳೆ ಆಟವನ್ನು ಹೊಸ ಲ್ಯಾಪ್‌ಟಾಪ್‌ನಲ್ಲಿ ಓಡಿಸೋಕೆ ಏನೇನು ಮಾಡಬೇಕಾಯಿತು, ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಹಳೆಯದರ ಮೇಲೆ ಮನಸ್ಸಿಟ್ಟು ಕೂತವರು ಇನ್ನೂ ಇರಬಹುದು, ಅವರಿಗೆ ಉಪಯೋಗಕ್ಕೆ ಬರಲಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಗೆಲ್ಲೋದು ಸೋಲೋದು ಇಲ್ಲ. ಒಂದು ಸಂಸಾರ ಇರುತ್ತದೆ, ಒಂದು ಮನೆ ಇರುತ್ತದೆ. ಮನೆಯವರಿಗೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಬೇಜಾರಾಗುತ್ತದೆ. ಅವರಿಗೆ ಕೆಲಸ ಹುಡುಕಬೇಕು, ಅಡುಗೆ ಮಾಡಿಸಬೇಕು, ಮಕ್ಕಳನ್ನು ಸ್ಕೂಲಿಗೆ ಕಳಿಸಬೇಕು. ಈ ಜನರಿಗೆ ಸಿಮ್ ಅಂತ ಹೆಸರು. ಇದನ್ನು ಕಟ್ಟಿದ ವಿಲ್ ರೈಟ್ ಅವರ ಮನೆ 1991ರಲ್ಲಿ ಅಮೆರಿಕದ ಓಕ್‌ಲ್ಯಾಂಡ್ ಕಡೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಮನೆಗೆ ನಿಜಕ್ಕೂ ಏನೇನು ಬೇಕು ಅಂತ ಮೊದಲಿನಿಂದ ಯೋಚಿಸಬೇಕಾಗಿ ಬಂದಾಗ ಹೊಳೆದ ಆಟ ಇದು. ಮೊದಲನೆಯದು 2000ದಲ್ಲಿ, ಎರಡನೆಯದು 2004ರಲ್ಲಿ, ಮೂರನೆಯದು 2009ರ ಜೂನ್‌ನಲ್ಲಿ, ನಾಲ್ಕನೆಯದು 2014ರ ಸೆಪ್ಟೆಂಬರ್‌ನಲ್ಲಿ ಬಂತು.

ನಾನು ಮೂರನೆಯದನ್ನು ಮೊದಲು ನೋಡಿದ್ದು ಪಿಯುಸಿ ಓದುವಾಗ, ಹೊಸಪೇಟೆಯ ದೊಡ್ಡಪ್ಪನ ಮನೆಯಲ್ಲಿ. ಆಗ ಹೊಸಪೇಟೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅಣ್ಣನ ಕಂಪ್ಯೂಟರ್‌ನಲ್ಲಿ ಡಿವಿಡಿ ಹಾಕಿ ಆಡುತ್ತಿದ್ದೆವು. ರಜೆ ಮುಗಿದರೆ ಆಟವೂ ಮುಗಿಯಿತು. ನನ್ನದೇ ಲ್ಯಾಪ್‌ಟಾಪ್ ಬರುವ ಹೊತ್ತಿಗೆ ನಾನು ಬಳ್ಳಾರಿಯ ಜೀನ್ಸ್ ಯೂನಿಟ್ ಒಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ ಎಷ್ಟೋ ಕಾಲ ಆಗಿತ್ತು. ತಮ್ಮ ಬೆಂಗಳೂರಿಂದ ಬಂದವನು ಸಿಮ್ಸ್ 4 ಹಾಕಿಕೊಟ್ಟ. "ಅಕ್ಕಾ, ಇದು ಹೊಸದು, ಇದನ್ನ ಆಡು" ಅಂದ.

ಆಡಿದೆ. ಮನಸ್ಸಿಟ್ಟೇ ಆಡಿದೆ. ಕೆಟ್ಟ ಆಟ ಅಂತ ಹೇಳಲ್ಲ. ಮುಖ ಮಾಡೋದರಲ್ಲಿ ಮೂರನೆಯದು ಅದರ ಹತ್ತಿರಕ್ಕೂ ಬರಲ್ಲ. ಕೆನ್ನೆ ಹಿಡಿದು ಎಳೆದರೆ ಕೆನ್ನೆ ಬರುತ್ತದೆ, ಮೂಗು ಒತ್ತಿದರೆ ಮೂಗು ಚಪ್ಪಟೆಯಾಗುತ್ತದೆ. ಮನೆ ಕಟ್ಟುವಾಗ ಒಂದು ಕೋಣೆಯನ್ನು ಸಾಮಾನಿನ ಸಮೇತ ಆಚೆ ಸರಿಸಬಹುದು. ಸಿಮ್‌ಗಳು ಊಟ ಮಾಡ್ತಾ ಮಾತಾಡ್ತಾರೆ. ಶುರುವಿನಲ್ಲಿ ಈಜುಕೊಳ ಇರಲಿಲ್ಲ, ಅದೇ ವರ್ಷ ಸೇರಿಸಿದರು. ತಪ್ಪು ಹೆಜ್ಜೆ ಇಡುವ ಪುಟ್ಟ ಮಕ್ಕಳು 2017ರ ಜನವರಿಯಲ್ಲಿ ಬಂದರು, ಎಳೆ ಕೂಸುಗಳು 2023ರ ಮಾರ್ಚ್‌ನಲ್ಲಿ. ಅಂತೂ ಮನೆಯೊಳಗೆ ಈಗ ಎಲ್ಲ ಇದೆ.

ನನಗೆ ಕೊರತೆ ಕಂಡದ್ದು ಹೊಸಿಲು ದಾಟಿದ ಮೇಲೆ. ಸಿಮ್ಸ್ 4ರಲ್ಲಿ ಬೀದಿಗೆ ಇಳಿಯಬಹುದು, ಸುತ್ತಮುತ್ತ ಓಡಾಡಬಹುದು. ಆದರೆ ಪಕ್ಕದ ಮನೆಯ ಬಾಗಿಲು ತಟ್ಟಿ ಒಳಗೆ ಹೋಗಬೇಕು ಅಂದರೆ ಪರದೆ ಬದಲಾಗಿ ಲೋಡಿಂಗ್ ಬರುತ್ತದೆ. ಎದುರು ಮನೆ ಕಣ್ಣಿಗೆ ಕಾಣುತ್ತದೆ, ಆದರೆ ಅದರ ಒಳಗೆ ಆ ಹೊತ್ತಿಗೆ ಯಾರೂ ಅಡುಗೆ ಮಾಡುತ್ತಿರುವುದಿಲ್ಲ, ಯಾರೂ ಜಗಳ ಆಡುತ್ತಿರುವುದಿಲ್ಲ. ಒಂದೊಂದು ಮನೆಯೂ ಮುಚ್ಚಳ ಹಾಕಿದ ಡಬ್ಬಿ ಇದ್ದ ಹಾಗೆ. ನಾನು ಬೆಳೆದದ್ದು ಬ್ರೂಸ್‌ಪೇಟೆಯ ಓಣಿಯಲ್ಲಿ. ಅಲ್ಲಿ ಸಂಜೆ ಕಟ್ಟೆ ಮೇಲೆ ಕೂತರೆ ಯಾರ ಮನೆಗೆ ನೆಂಟರು ಬಂದರು, ಯಾರ ಮಗ ರೈಲು ಇಳಿದು ಬಂದ, ಯಾರ ಮನೆಯಲ್ಲಿ ಇವತ್ತು ಮಿರ್ಚಿ ಕರಿಯುತ್ತಿದ್ದಾರೆ ಎಲ್ಲ ತಾನಾಗೇ ತಿಳಿಯುತ್ತದೆ. ನನಗೆ ಆಟದಲ್ಲಿ ಬೇಕಿದ್ದದ್ದು ಅದು. ಊರು ಬೇಕಿತ್ತು. ನಾನು ನೋಡದೆ ಇರುವಾಗಲೂ ನಡೆಯುತ್ತಿರುವ ಊರು.

ಸಿಮ್ಸ್ 3ರಲ್ಲಿ ಅದು ಇದೆ. ಒಂದು ಸಲ ಆಟ ತೆರೆದುಕೊಂಡಿತು ಅಂದರೆ ಇಡೀ ಊರು ಒಟ್ಟಿಗೆ ಓಡುತ್ತದೆ. ನಮ್ಮ ಸಿಮ್ ಅಡುಗೆಮನೆಯಿಂದ ಹೊರಟು ಟ್ಯಾಕ್ಸಿ ಹತ್ತಿ ಸಮುದ್ರದ ದಂಡೆ ಮುಟ್ಟೋವರೆಗೂ ನಡುವೆ ಎಲ್ಲೂ ಪರದೆ ನಿಲ್ಲಲ್ಲ. ದಾರಿಯಲ್ಲಿ ಕ್ಯಾಮೆರಾವನ್ನು ಬೇರೆ ಮನೆ ಮೇಲೆ ತಿರುಗಿಸಿದರೆ ಅವರ ಅಂಗಳ ಕಾಣುತ್ತದೆ, ಅವರು ಕಸ ಎತ್ತಿ ಹಾಕುತ್ತಿರುವುದೂ ಕಾಣುತ್ತದೆ. ಊರಿನವರು ತಾವಾಗಿ ಮದುವೆ ಆಗುತ್ತಾರೆ, ಮಕ್ಕಳು ಹೆರುತ್ತಾರೆ, ಕೆಲಸ ಬದಲಿಸುತ್ತಾರೆ, ಊರು ಬಿಡುತ್ತಾರೆ, ಸಾಯುತ್ತಾರೆ. ಸಿಮ್ಸ್ 4ಕ್ಕೂ ಆಮೇಲೆ ನೆರೆಹೊರೆಯವರ ಬದುಕು ತಾನಾಗಿ ಬದಲಾಗುವ ಒಂದು ಸೌಲಭ್ಯ ಸೇರಿಸಿದ್ದಾರೆ, ಅದು ನಿಜ. ಆದರೆ ಅದನ್ನು ಸುದ್ದಿಯಾಗಿ ಓದೋದು ಬೇರೆ, ನಡೆಯುವಾಗ ಹೋಗಿ ನೋಡೋದು ಬೇರೆ.

ಹೀಗಾಗಿ ಸ್ಟೀಮ್ ಅನ್ನೋ ಆನ್‌ಲೈನ್ ಆಟದಂಗಡಿಯಲ್ಲಿ ರಿಯಾಯಿತಿ ಬಂದಾಗ ಯುಪಿಐನಲ್ಲಿ ದುಡ್ಡು ಕಟ್ಟಿ ಸಿಮ್ಸ್ 3 ತೆಗೆದುಕೊಂಡೆ. ಇದಕ್ಕೆ 11 ವಿಸ್ತರಣೆ ಪ್ಯಾಕ್‌ಗಳಿವೆ. 2009ರ ಕೊನೆಯಲ್ಲಿ ಬಂದ ವರ್ಲ್ಡ್ ಅಡ್ವೆಂಚರ್ಸ್‌ನಿಂದ ಹಿಡಿದು 2013ರ ಇನ್‌ಟು ದಿ ಫ್ಯೂಚರ್‌ವರೆಗೆ. ಎಲ್ಲ ಒಟ್ಟಿಗೆ ಕೊಳ್ಳೋ ಆಸೆ ಬರುತ್ತದೆ, ಆದರೆ ಅದರ ಅವಶ್ಯಕತೆ ಇಲ್ಲ. ವಿಂಡೋಸ್‌ನಲ್ಲಿ ಈ ಆಟ 32 ಬಿಟ್‌ನದು. ನಿಮ್ಮ ಲ್ಯಾಪ್‌ಟಾಪ್‌ಗೆ 16 ಜಿಬಿ ರ್‍ಯಾಮ್ ಇದ್ದರೂ ಅದು 4 ಜಿಬಿಗಿಂತ ಜಾಸ್ತಿ ಮುಟ್ಟೋಕೆ ಆಗಲ್ಲ. ಪ್ಯಾಕ್ ಹೆಚ್ಚಾದಷ್ಟೂ ಆ ಜಾಗ ಬೇಗ ತುಂಬುತ್ತದೆ. ತುಂಬಿದಾಗ ಸೇವ್ ಮಾಡೋಕೆ ಹೋದರೆ 'ಎರರ್ 12' ಅಂತ ಬರುತ್ತದೆ, ಅಲ್ಲಿಯವರೆಗೆ ಆಡಿದ್ದು ಹೋಗುತ್ತದೆ. ಮ್ಯಾಕ್‌ಗೆ 2020ರಲ್ಲಿ 64 ಬಿಟ್ ಆವೃತ್ತಿ ಬಂತು, ವಿಂಡೋಸ್‌ನವರಿಗೆ ಆ ಭಾಗ್ಯ ಇಲ್ಲ. ಹಾಗಾಗಿ ನಾನು ಯೋಚಿಸಿ ಮೂರೇ ಆರಿಸಿದೆ. ಜನರೇಶನ್ಸ್, ಆಂಬಿಷನ್ಸ್, ಸೀಸನ್ಸ್. ಸಂಸಾರ, ದುಡಿಮೆ, ಹವಾಮಾನ. ನನ್ನ ಊರಿಗೆ ಇಷ್ಟು ಸಾಕು ಅನ್ನಿಸಿತು.

ಇನ್ನು ಓಡಿಸುವ ಕೆಲಸ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಕೈಬಿಡೋದು ಇಲ್ಲೇ.

ನನ್ನ ಲ್ಯಾಪ್‌ಟಾಪ್‌ನದು 12ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್. ಆಟದ ಬಟನ್ ಒತ್ತಿದರೆ ಒಂದು ಕ್ಷಣ ಏನೋ ಆದ ಹಾಗೆ ಮಾಡಿ ಸುಮ್ಮನಾಯಿತು. ಕೆಟ್ಟ ಸುದ್ದಿ ಬರಲಿಲ್ಲ, ಒಳ್ಳೆ ಸುದ್ದಿಯೂ ಬರಲಿಲ್ಲ. ಇದು ಆ ತಲೆಮಾರಿನಿಂದ ಶುರುವಾದ ತೊಂದರೆ. ಆ ಪ್ರೊಸೆಸರ್‌ಗಳಲ್ಲಿ ಎರಡು ಬಗೆಯ ಕೋರ್‌ಗಳಿವೆ, 2009ರ ಆಟಕ್ಕೆ ಅಂಥದ್ದರ ಕಲ್ಪನೆಯೇ ಇಲ್ಲ. ಆಟ ಪ್ರೀತಿಸುವ ಜನರೇ ಇದಕ್ಕೊಂದು ಸಣ್ಣ ಪ್ಯಾಚ್, ಅಂದರೆ ತೊಂದರೆ ಸರಿಮಾಡುವ ಫೈಲ್ ಮಾಡಿಟ್ಟಿದ್ದಾರೆ, ಹುಡುಕಿದರೆ ಆ ತಲೆಮಾರಿನ ಹೆಸರಲ್ಲೇ 'ಆಲ್ಡರ್ ಲೇಕ್ ಪ್ಯಾಚ್' ಅಂತ ಸಿಗುತ್ತದೆ. ಅದನ್ನು ಹಾಕಿದ ಮೇಲೆ ಆಟದ ಗುರುತಾದ ಹಸಿರು ಹರಳು ತಿರುಗುತ್ತಾ ಪರದೆ ಮೇಲೆ ಬಂತು. ಆಟ ತೆರೆಯುವಾಗಿನ ಆ ಹಾಡು ಕಿವಿಗೆ ಬಿದ್ದಾಗ ನನಗೆ ದೊಡ್ಡಪ್ಪನ ಮನೆಯ ಮಹಡಿ ಕೋಣೆಯ ಸೀಮೆಸುಣ್ಣದ ವಾಸನೆ ನೆನಪಾಯಿತು. ಅಣ್ಣ ಅಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದ.

ಎರಡನೆಯದು ಗ್ರಾಫಿಕ್ಸ್ ಕಾರ್ಡ್. ಆಟದ ಫೋಲ್ಡರ್ ಡಾಕ್ಯುಮೆಂಟ್ಸ್ ಒಳಗೆ ಇರುತ್ತದೆ. ಅಲ್ಲಿ ಡಿವೈಸ್‌ಕಾನ್ಫಿಗ್ ಅನ್ನೋ ಲಾಗ್ ಫೈಲ್ ತೆರೆದು ನೋಡಬೇಕು. ನನ್ನದರಲ್ಲಿ ಕಾರ್ಡ್‌ನ ಹೆಸರಿನ ಪಕ್ಕ 'ಫೌಂಡ್ 0, ಮ್ಯಾಚ್ಡ್ 0' ಅಂತ ಇತ್ತು. ಅಂದರೆ ಆಟಕ್ಕೆ ಈ ಕಾರ್ಡ್ ಯಾರು ಅಂತಲೇ ಗೊತ್ತಿಲ್ಲ. ಗೊತ್ತಿಲ್ಲದ ಕಾರ್ಡ್‌ಗೆ ಅದು ಬರೀ 32 ಎಂಬಿ ಮೆಮೊರಿ ಇದೆ ಅಂದುಕೊಂಡು ನಡೆಯುತ್ತದೆ. ಹೊಸ ಕಾರ್ಡ್‌ಗಳಿಗೆಲ್ಲ ಇದೇ ಪಾಡು, ಏಕೆಂದರೆ ಆಟದ ಪಟ್ಟಿ ಹಳೆಯದು. ಆಟ ಹಾಕಿರುವ ಜಾಗದ ಬಿನ್ ಫೋಲ್ಡರ್‌ನಲ್ಲಿ ಗ್ರಾಫಿಕ್ಸ್‌ಕಾರ್ಡ್ಸ್ ಮತ್ತು ಗ್ರಾಫಿಕ್ಸ್‌ರೂಲ್ಸ್ ಅಂತ ಎರಡು ಫೈಲ್‌ಗಳಿವೆ. ಎರಡನ್ನೂ ಮೊದಲು ಬೇರೆ ಕಡೆ ಕಾಪಿ ಮಾಡಿಟ್ಟೆ. ಆಮೇಲೆ ಮೊದಲನೆಯದರಲ್ಲಿ ನನ್ನ ಕಾರ್ಡ್‌ನ ಗುರುತಿನ ಸಂಖ್ಯೆ, ಹೆಸರು ಸೇರಿಸಿ ಒಂದು ಸಾಲು ಬರೆದೆ. ಎರಡನೆಯದರಲ್ಲಿ 32 ಇದ್ದದ್ದನ್ನು 1024 ಮಾಡಿದೆ. ಮತ್ತೆ ಲಾಗ್ ನೋಡಿದರೆ 'ಫೌಂಡ್ 1, ಮ್ಯಾಚ್ಡ್ 1'. ದಿನವಿಡೀ ಟ್ಯಾಲಿ ಹೊಂದಿಸುವ ಕೆಲಸ ನನ್ನದು, ಲೆಕ್ಕ ಕೂಡಿಬಂದಾಗ ಆಗುವ ಖುಷಿ ಏನು ಅಂತ ಗೊತ್ತು. ಇದೂ ಅದೇ ಖುಷಿ.

ಮೂರನೆಯದು ಬಿಸಿ. ಇದು ಬಳ್ಳಾರಿಯವರಿಗೆ ತುಂಬಾ ಮುಖ್ಯ. ಸಿಮ್ಸ್ 3 ತನ್ನಷ್ಟಕ್ಕೆ ಬಿಟ್ಟರೆ ಕಾರ್ಡ್‌ಗೆ ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಸಾಧ್ಯವೋ ಅಷ್ಟನ್ನೂ ಓಡಿಸಿಬಿಡುತ್ತದೆ. ನಿಂತಿರುವ ಮೆನುವಿನಲ್ಲೂ ಕಾರ್ಡ್ ಜೋರಾಗಿ ದುಡಿಯುತ್ತಿರುತ್ತದೆ. ಹೊರಗೆ 40 ಡಿಗ್ರಿ ದಾಟಿದ ಏಪ್ರಿಲ್ ಮಧ್ಯಾಹ್ನ, ಫ್ಯಾನ್ ಕೂಡ ಬಿಸಿ ಗಾಳಿ ಬೀಸುವ ಮನೆಯಲ್ಲಿ, ಅದು ಲ್ಯಾಪ್‌ಟಾಪ್‌ಗೆ ಒಳ್ಳೆಯದಲ್ಲ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ಈ ಆಟವನ್ನು ಆರಿಸಿ, ಮ್ಯಾಕ್ಸ್ ಫ್ರೇಮ್ ರೇಟ್ 60ಕ್ಕೆ ಕಟ್ಟಿಹಾಕಿದೆ. ಲ್ಯಾಪ್‌ಟಾಪ್ ಕೆಳಗೆ ಎರಡು ಬದಿಗೆ ಮರದ ತುಂಡು ಇಟ್ಟು ಗಾಳಿ ಆಡೋ ಹಾಗೆ ಮಾಡಿದೆ. ಫ್ಯಾನ್ ಸದ್ದು ಅರ್ಧಕ್ಕೆ ಇಳಿಯಿತು. ಆದರೂ ಬೇಸಿಗೆಯಲ್ಲಿ ನಾನು ಆಡೋದು ಬೆಳಿಗ್ಗೆ ಐದೂವರೆಯಿಂದ, ನೀರು ಬಿಡುವ ಮೊದಲು. ನಮ್ಮ ಕಡೆ ಲ್ಯಾಪ್‌ಟಾಪ್‌ಗೂ ಮನುಷ್ಯರಿಗೂ ಆ ಹೊತ್ತೇ ಹಿತ.

ಆಮೇಲೆ ಮಾಡ್‌ಗಳು, ಅಂದರೆ ಆಟಗಾರರೇ ಮಾಡಿ ಆಟಕ್ಕೆ ಸೇರಿಸುವ ಫೈಲ್‌ಗಳು. ಎನ್‌ರಾಸ್ ಹೆಸರಿನ ಮಾಡ್‌ಗಳಿಲ್ಲದೆ ಈ ಆಟವನ್ನು ದೂರ ಒಯ್ಯೋಕೆ ಆಗಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ಊರು ಪೂರ್ತಿ ಓಡುವಾಗ ಕಸ ಸೇರುತ್ತದೆ. ಎಲ್ಲೋ ಬಿಟ್ಟುಹೋದ ಕಾರು, ಮೂಲೆಯಲ್ಲಿ ಸಿಕ್ಕಿಹಾಕಿಕೊಂಡು ಕದಲದೆ ನಿಂತ ಮನುಷ್ಯ, ಅರ್ಧಕ್ಕೆ ನಿಂತ ಕೆಲಸ. ಓವರ್‌ವಾಚ್ ಅನ್ನೋ ಮಾಡ್ ಆಟದ ರಾತ್ರಿ ಹೊತ್ತಲ್ಲಿ ಇದನ್ನೆಲ್ಲ ಗುಡಿಸುತ್ತದೆ. ಎರರ್‌ಟ್ರ್ಯಾಪ್ ಕೆಟ್ಟುಹೋದ ಮಾಹಿತಿಯನ್ನು ಹಿಡಿದು ಸರಿಮಾಡುತ್ತದೆ. ಸ್ಟೋರಿಪ್ರೊಗ್ರೆಶನ್ ಊರಿನವರ ಬದುಕನ್ನು ಆಟದ ಸ್ವಂತ ವ್ಯವಸ್ಥೆಗಿಂತ ಚೆನ್ನಾಗಿ ನಡೆಸುತ್ತದೆ, ಯಾರ ಮನೆಯಲ್ಲಿ ಏನಾಯಿತು ಅಂತ ಸಣ್ಣ ಚೀಟಿಯಲ್ಲಿ ತಿಳಿಸುತ್ತದೆ. ಜೊತೆಗೆ ಸ್ಮೂತ್ ಪ್ಯಾಚ್ ಅಂತ ಒಂದಿದೆ. ಮನೆ ಕಟ್ಟುವಾಗ, ಬಟ್ಟೆ ಆರಿಸುವಾಗ ಆಗುತ್ತಿದ್ದ ತಡವರಿಕೆ ಅದರಿಂದ ಬಹಳ ಕಮ್ಮಿಯಾಯಿತು. ಹಾಕಿದ ಮೇಲೆ ಆಟ ತಾತ್ಕಾಲಿಕವಾಗಿ ಬರೆದಿಟ್ಟುಕೊಳ್ಳುವ ಐದು ಕ್ಯಾಶ್ ಫೈಲ್‌ಗಳನ್ನು ಅಳಿಸಬೇಕು. ಅವು ಮತ್ತೆ ತಾವಾಗಿ ಹುಟ್ಟುತ್ತವೆ, ಹೆದರಬೇಕಿಲ್ಲ. ಸೇವ್ ಮಾಡುವಾಗ ಯಾವಾಗಲೂ 'ಸೇವ್ ಆ್ಯಸ್' ಒತ್ತಿ ಬೇರೆ ಹೆಸರಿಡುತ್ತೇನೆ. ಒಂದು ಕೆಟ್ಟರೆ ಹಿಂದಿನದು ಇರುತ್ತದೆ.

ಇಷ್ಟು ಆದಮೇಲೆ ಸನ್‌ಸೆಟ್ ವ್ಯಾಲಿ. ಮೂಲ ಆಟದ ಜೊತೆ ಬರುವ ಊರು ಅದು. ಗೋಥ್ ಮನೆತನದ ಮಾರ್ಟಿಮರ್ ಮತ್ತು ಬೆಲ್ಲಾ ಮೊದಲ ಸಿಮ್ಸ್‌ನಲ್ಲಿ ಗಂಡ ಹೆಂಡತಿ. ಇಲ್ಲಿ ಇಬ್ಬರೂ ಇನ್ನೂ ಶಾಲೆಗೆ ಹೋಗುವ ಮಕ್ಕಳು, ಏಕೆಂದರೆ ಮೂರನೆಯ ಆಟದ ಕಥೆ ಮೊದಲನೆಯದಕ್ಕಿಂತ 25 ವರ್ಷ ಹಿಂದಿನದು. ಬೆಳಿಗ್ಗೆ ಇಬ್ಬರೂ ಸ್ಕೂಲಿಗೆ ಹೊರಡುವುದನ್ನು ನೋಡೋಕೆ ನನಗೆ ಇವತ್ತಿಗೂ ಇಷ್ಟ.

ನಾನು ಒಂದು ಸಂಸಾರ ಮಾಡಿದೆ. ಅಜ್ಜಿ ಗೌರಮ್ಮ, ಮಗಳು, ಎರಡು ಮೊಮ್ಮಕ್ಕಳು. ದೊಡ್ಡವರಿಗೆ ಐದು ಗುಣ ಆರಿಸಬಹುದು. ಸಿಮ್ಸ್ 4ರಲ್ಲಿ ಮೂರು. ಎರಡು ಗುಣ ಹೆಚ್ಚಿದರೆ ಏನು ಮಹಾ ಅನ್ನಬಹುದು, ಆದರೆ ಆ ಎರಡರಲ್ಲೇ ಮನುಷ್ಯ ಬದಲಾಗುತ್ತಾನೆ. ಗೌರಮ್ಮನಿಗೆ ಕೈ ಬಿಗಿ, ಸಿಡುಕು, ಗಿಡ ಬೆಳೆಸುವ ಕೈಗುಣ, ಬೇಗ ಎಚ್ಚರ ಆಗುವ ನಿದ್ದೆ, ಸಂಸಾರದ ಮೇಲೆ ಜೀವ. ಇಷ್ಟು ಕೊಟ್ಟು ಬಿಟ್ಟೆ. ನಾನು ಏನೂ ಹೇಳದೆ ಅವಳು ಬೆಳಿಗ್ಗೆ ಎದ್ದು ಪೇಪರ್‌ನಿಂದ ರಿಯಾಯಿತಿ ಕೂಪನ್ ಕತ್ತರಿಸುತ್ತಾಳೆ. ಟೊಮೇಟೊ ಗಿಡದ ಹತ್ತಿರ ಹೋಗಿ ಅದರ ಜೊತೆ ಮಾತಾಡುತ್ತಾಳೆ. ಮೊಮ್ಮಗ ರಾತ್ರಿ ನೀರು ಕುಡಿಯೋಕೆ ಎದ್ದರೆ ಅವಳಿಗೂ ಎಚ್ಚರ. ಎದ್ದು ಗೊಣಗುತ್ತಾಳೆ, ಆಮೇಲೆ ಅವನನ್ನೇ ತಬ್ಬಿಕೊಳ್ಳುತ್ತಾಳೆ. ಇಂಥ ಅಜ್ಜಿಯನ್ನು ನಮ್ಮ ಓಣಿಯಲ್ಲಿ ಯಾವ ಮನೆಯಲ್ಲಿ ಬೇಕಾದರೂ ತೋರಿಸುತ್ತೇನೆ. ಗಿಡಗಳಲ್ಲಿ ದೊಡ್ಡ ಮೆಣಸಿನಕಾಯಿ ಇದೆ, ನಮ್ಮ ಬಜಿ ಮೆಣಸಿನಕಾಯಿ ಇಲ್ಲ. ಇದ್ದಿದ್ದರೆ ಗೌರಮ್ಮನ ಅಂಗಳ ಪೂರ್ತಿ ಆಗುತ್ತಿತ್ತು.

ಮನೆಯನ್ನು ನಾನೇ ಕಟ್ಟಿದೆ. ಸಪಾಟು ಮಾಳಿಗೆ, ಮುಂದೆ ಉದ್ದಕ್ಕೂ ಕಟ್ಟೆ, ನಡುವೆ ತೆರೆದ ಅಂಗಳ. ನೆಲಕ್ಕೆ ಒಂದು ಕಲ್ಲಿನ ವಿನ್ಯಾಸ ಆರಿಸಿ ಕಡಪಾ ಕಲ್ಲಿನ ಕಪ್ಪು ಬಣ್ಣ ಹಚ್ಚಿದೆ. ತುಳಸಿ ಕಟ್ಟೆ ಆಟದಲ್ಲಿ ಇಲ್ಲ. 'ಮೂವ್ ಆಬ್ಜೆಕ್ಟ್ಸ್ ಆನ್' ಅನ್ನೋ ಚೀಟ್ (ಆಟದ ನಿಯಮ ಸಡಿಲಿಸುವ ಆಜ್ಞೆ) ಕೊಟ್ಟು ಒಂದು ಗಿಡ್ಡ ಕಂಬದ ಮೇಲೆ ಗಿಡದ ಕುಂಡ ಕೂರಿಸಿ, ಕಂಬಕ್ಕೆ ಕೆಮ್ಮಣ್ಣಿನ ಬಣ್ಣ ಕೊಟ್ಟೆ.

ಬಣ್ಣದ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲಲ್ಲ. ಸಿಮ್ಸ್ 3ರಲ್ಲಿ ಕ್ರಿಯೇಟ್ ಎ ಸ್ಟೈಲ್ ಅಂತ ಒಂದು ಸಲಕರಣೆ ಇದೆ, ಸಿಮ್ಸ್ 4ರಲ್ಲಿ ಅದು ಇಲ್ಲ. ನಾಲ್ಕನೆಯದರಲ್ಲಿ ಒಂದು ಕುರ್ಚಿಗೆ ಅವರು ಕೊಟ್ಟಷ್ಟು ಬಣ್ಣ, ಅಷ್ಟೇ. ಮೂರನೆಯದರಲ್ಲಿ ಕುರ್ಚಿಯ ಕಾಲಿಗೆ ಬೇರೆ, ದಿಂಬಿಗೆ ಬೇರೆ, ಬೆನ್ನಿಗೆ ಬೇರೆ. ಮರ, ಬಟ್ಟೆ, ಲೋಹ, ಕಲ್ಲು, ಯಾವ ವಿನ್ಯಾಸವನ್ನಾದರೂ ಯಾವುದಕ್ಕಾದರೂ ಹಾಕಬಹುದು, ಬಣ್ಣದ ಚಕ್ರದಲ್ಲಿ ಬೇಕಾದ ಛಾಯೆ ಹಿಡಿಯಬಹುದು. ಬಟ್ಟೆಯ ಪಟ್ಟಿಯಲ್ಲಿ ಡೆನಿಮ್ ಕೂಡ ಇದೆ. ನಾನು ಕೂತಿರುವ ಆಫೀಸಿನ ಹಿಂದೆಯೇ ಕಟಿಂಗ್ ಟೇಬಲ್. ದಿನಾ ಡೆನಿಮ್ ಥಾನು ಬಿಚ್ಚೋದು ನೋಡುತ್ತೇನೆ. ವಾಷಿಂಗ್‌ಗೆ ಹೋಗಿ ಬಂದ ಪ್ಯಾಂಟ್‌ನ ತೊಡೆ ಹತ್ತಿರ ಬಣ್ಣ ಎಷ್ಟು ಇಳಿದಿರಬೇಕು ಅಂತ ನನಗೂ ಕಣ್ಣಳತೆ ಬಂದುಬಿಟ್ಟಿದೆ. ಒಂದು ಭಾನುವಾರ ಗೌರಮ್ಮನ ಮಗಳಿಗೆ ಒಂದು ಪ್ಯಾಂಟ್ ಮಾಡಿದೆ. ಮೊದಲು ಗಾಢ ನೀಲಿ, ಅದರಲ್ಲಿ ಚೂರು ಕಪ್ಪು. ಜಾಸ್ತಿ ಆಯಿತು ಅನ್ನಿಸಿ ಬೂದು ಬೆರೆಸಿದೆ. ಎಳೆಯ ಬಣ್ಣ ಬೇರೆ ಇಟ್ಟೆ. ಬೆಲ್ಟ್‌ಗೆ ತುಕ್ಕಿನ ಬಣ್ಣ ಹಿಡಿದೆ, ಹೊಲಿಗೆ ದಾರಕ್ಕೆ ನಾವು ಹಾಕೋ ಬಣ್ಣ ಅದು. ಸೋಮವಾರ ಮೊಬೈಲ್‌ನಲ್ಲಿ ಫೋಟೊ ತೋರಿಸಿದಾಗ ನಮ್ಮ ಕಟಿಂಗ್ ಮಾಸ್ಟರ್ ಕನ್ನಡಕ ಏರಿಸಿ ನೋಡಿದರು. "ಏನಮ್ಮಾ, ಇದು ನಮ್ಮ ಮಾಲ್ ಇದ್ದಂಗೈತಲ್ಲ" ಅಂದರು. ಮೂವತ್ತು ವರ್ಷ ಬಟ್ಟೆ ಕತ್ತರಿಸಿದವರ ಬಾಯಲ್ಲಿ ಬಂದ ಮಾತು. ಆ ಬಣ್ಣವನ್ನು ಹೆಸರಿಟ್ಟು ಉಳಿಸಿಕೊಂಡಿದ್ದೇನೆ.

ಇನ್ನೊಂದು ವಿಷಯ ನಮ್ಮ ಜಿಲ್ಲೆಯವರಿಗೆ ಹೇಳಲೇಬೇಕು. ಆಟದಲ್ಲಿ ಊರಿನ ಸುತ್ತ ನೆಲದ ಮೇಲೆ ಅದಿರು ಸಿಗುತ್ತದೆ. ಕಬ್ಬಿಣ, ಬೆಳ್ಳಿ, ಚಿನ್ನ, ಪಲ್ಲಾಡಿಯಮ್, ಪ್ಲುಟೋನಿಯಮ್. ಗೌರಮ್ಮನ ಮೊಮ್ಮಗ ಸೈಕಲ್ ತೆಗೆದುಕೊಂಡು ಗುಡ್ಡದ ಕಡೆ ಹೋಗಿ ಆರಿಸಿ ತರುತ್ತಾನೆ. ಕರಗಿಸಬೇಕು ಅಂದರೆ ಟಪಾಲಿನಲ್ಲಿ ಕಳಿಸಬೇಕು. ಸ್ವಲ್ಪ ದಿನ ಬಿಟ್ಟು ಗಟ್ಟಿ ಆಗಿ ವಾಪಸ್ ಬರುತ್ತದೆ, ಬೆಲೆ ಏರಿರುತ್ತದೆ. ಸಂಡೂರಿನ ಕೆಂಪು ಧೂಳು, ಅದಿರಿನ ಲಾರಿಗಳ ಸಾಲು, ತೋರಣಗಲ್ಲಿನ ಉಕ್ಕಿನ ಕುಲುಮೆ ನೋಡಿ ಬೆಳೆದವಳಿಗೆ ಈ ಪುಟ್ಟ ಕಬ್ಬಿಣದ ಗಟ್ಟಿ ಕೈಗೆ ಬಂದಾಗ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ. ಒಂದು ಗಟ್ಟಿಯನ್ನು ಮಾರದೆ ಕಟ್ಟೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇನೆ.

ಹವಾಮಾನ ಕೂಡ ನಮ್ಮದೇ. ಸೀಸನ್ಸ್ ಪ್ಯಾಕ್ 2012ರ ನವೆಂಬರ್‌ನದು. ಅದರಲ್ಲಿ ಯಾವ ಕಾಲ ಇರಬೇಕು, ಎಷ್ಟು ದಿನ ಇರಬೇಕು ಅಂತ ನಾವೇ ಗೊತ್ತುಮಾಡಬಹುದು. ಚಳಿಗಾಲ ತೆಗೆದೆ. ಹಿಮ ನಿಲ್ಲಿಸಿದೆ. ಬೇಸಿಗೆಯನ್ನು ಉದ್ದ ಮಾಡಿದೆ. ಮಳೆಗೆ ಸ್ವಲ್ಪ ಜಾಗ ಬಿಟ್ಟೆ. ಈಗ ಮಳೆ ಬಂದ ದಿನ ಮೊಮ್ಮಕ್ಕಳು ತಾವಾಗಿ ಹೊರಗೆ ಓಡಿ ನೆನೆಯುತ್ತಾರೆ.

ಅಮ್ಮನಿಗೆ ಕಂಪ್ಯೂಟರ್ ಆಟ ಅಂದರೆ ಆಗಲ್ಲ. ಆದರೆ ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ ಪಕ್ಕದಲ್ಲಿ ಕೂತಾಗ ಸನ್‌ಸೆಟ್ ವ್ಯಾಲಿಯ ಆಗ್ನೆಸ್ ಕ್ರಂಪಲ್‌ಬಾಟಮ್ ಮನೆ ಕಂಡಿತು. ಆಗ್ನೆಸ್ ಆಟದವರೇ ಮಾಡಿಟ್ಟ ಪಾತ್ರ. ಮದುವೆಯಾದ ಹೊಸದರಲ್ಲೇ ಗಂಡನನ್ನು ಕಳೆದುಕೊಂಡವಳು, ಒಬ್ಬಳೇ ಇರುತ್ತಾಳೆ.

"ಅಷ್ಟು ದೊಡ್ಡ ಮನ್ಯಾಗ ಒಬ್ಬಾಕಿನೇ ಇರ್ತಾಳಾ?" ಅಂತ ಅಮ್ಮ ಕೇಳಿದಳು.

"ಹೂಂ ಅಮ್ಮಾ, ಗಂಡ ತೀರಿಹೋಗಿದ್ದಾನೆ."

"ಪಾಪ. ನಿನ್ನ ಗೌರಮ್ಮನ್ನ ಒಂದಿಷ್ಟು ಕಳಿಸು ಅಲ್ಲಿಗೆ. ಮಾತಾಡಿಸಿ ಬರಲಿ."

ಗೌರಮ್ಮನನ್ನು ಕಳಿಸಿದೆ. ಸಿಡುಕಿನ ಮುದುಕಿ, ಆದರೂ ಇಬ್ಬರಿಗೂ ಹೊಂದಿಕೆ ಆಯಿತು. ಅಲ್ಲಿಂದ ಅಮ್ಮ ದಿನಾ ಕೇಳೋದು ಗೌರಮ್ಮನ ಸುದ್ದಿ ಅಲ್ಲ, ಆಗ್ನೆಸ್ ಸುದ್ದಿ. ಲೈಬ್ರರಿಗೆ ಹೋದಳಾ, ಯಾರಾದರೂ ಬಂದರಾ. ನಾನು ಕ್ಯಾಮೆರಾ ತಿರುಗಿಸಿ ತೋರಿಸುತ್ತಿದ್ದೆ. ಲೋಡಿಂಗ್ ಇಲ್ಲ, ಕಾಯೋದಿಲ್ಲ, ಗೌರಮ್ಮನ ಅಂಗಳದಿಂದ ಆಗ್ನೆಸ್ ಮನೆ ಕಿಟಕಿಗೆ ಒಂದೇ ಸಲಕ್ಕೆ. ಸ್ವಲ್ಪ ಕಾಲ ಆದಮೇಲೆ ಮಾಡ್‌ನ ಚೀಟಿ ಬಂತು, ಆಗ್ನೆಸ್‌ಗೂ ಊರಿನ ಪೊಲೀಸ್ ಕೆಲಸದವನೊಬ್ಬನಿಗೂ ಸ್ನೇಹ ಬೆಳೆದಿದೆ ಅಂತ. ಇದನ್ನು ನಾನು ಮಾಡಿಸಿದ್ದಲ್ಲ. ನಾನು ಮೊಮ್ಮಗಳಿಗೆ ಹೋಮ್‌ವರ್ಕ್ ಮಾಡಿಸುತ್ತಿದ್ದೆ, ಆ ಹೊತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ ಇದು ನಡೆದಿತ್ತು. ಮದುವೆ ಸುದ್ದಿ ಬಂದ ದಿನ ಅಮ್ಮ ಸೊಪ್ಪಿನ ತಟ್ಟೆ ಕೆಳಗಿಟ್ಟಳು. "ಹೋಗ್ಲಿ ಬಿಡು, ಜೊತಿಗೊಬ್ಬ ಸಿಕ್ಕ" ಅಂದಳು. ಆ ದಿನ ಸಂಜೆ ಪಕ್ಕದ ಮನೆ ಲಕ್ಷ್ಮಕ್ಕನಿಗೂ ಈ ಸುದ್ದಿ ಮುಟ್ಟಿತ್ತು.

ಸಿಮ್ಸ್ 3ರಲ್ಲಿ ಎಲ್ಲ ಚೆಂದ ಅಂತಲ್ಲ. ಮುಖಗಳು ಉಬ್ಬಿದ ಹಾಗೆ ಕಾಣುತ್ತವೆ, ಎಷ್ಟು ತಿದ್ದಿದರೂ ಸಿಮ್ಸ್ 4ರ ಮುಖದ ಕಳೆ ಬರಲ್ಲ. ಆಫೀಸು, ಆಸ್ಪತ್ರೆ, ಥಿಯೇಟರ್ ಒಳಗೆ ಹೋದವರು ಕಾಣಲ್ಲ, ಹೊರಗಿನ ಕಟ್ಟಡ ನೋಡುತ್ತಾ ಕಾಯಬೇಕು. ಮೊದಲ ಸಲ ತೆರೆದುಕೊಳ್ಳೋಕೆ ಟೀ ಕಾಯಿಸಿ ಕುಡಿಯುವಷ್ಟು ಹೊತ್ತು ಬೇಕು. ಊರು ಬೆಳೆದಂತೆ ನಡುನಡುವೆ ಒಂದು ಕ್ಷಣ ತಡೆದು ನಿಲ್ಲುತ್ತದೆ. ಇವನ್ನೆಲ್ಲ ನಾನು ಒಪ್ಪಿಕೊಂಡಿದ್ದೇನೆ. ಇಡೀ ಊರನ್ನು ಒಟ್ಟಿಗೆ ಹೊತ್ತು ನಡೆಯುವ ಆಟಕ್ಕೆ ಅಷ್ಟು ಭಾರ ಇದ್ದೇ ಇರುತ್ತದೆ.

ಊರನ್ನೇ ಹೊಸದಾಗಿ ಮಾಡಿಕೊಳ್ಳುವ ಕ್ರಿಯೇಟ್ ಎ ವರ್ಲ್ಡ್ ಸಲಕರಣೆಯೂ 2009ರ ಕೊನೆಯಲ್ಲೇ ಬಂದಿತ್ತು. ಅದರಲ್ಲಿ ಖಾಲಿ ನೆಲದ ಮೇಲೆ ಬ್ರಶ್ ಆಡಿಸಿದರೆ ಗುಡ್ಡ ಏಳುತ್ತದೆ. ನಾನು ಎರಡು ಬಂಡೆಗುಡ್ಡ ಎಬ್ಬಿಸಿದ್ದೇನೆ. ಒಂದು ಕೋಟೆ ಇರುವ ಬಳ್ಳಾರಿ ಗುಡ್ಡ, ಇನ್ನೊಂದು ಕುಂಬಾರ ಗುಡ್ಡ. ಬಂಡೆಗೆ ನಮ್ಮ ಕಲ್ಲಿನ ಬಣ್ಣ ಇನ್ನೂ ಸರಿಯಾಗಿ ಕೂತಿಲ್ಲ. ಬೆಳಗಿನ ಬಿಸಿಲಿಗೆ ಅದು ಗುಲಾಬಿ ತಿರುಗುತ್ತದೆ, ಮಧ್ಯಾಹ್ನಕ್ಕೆ ಬಿಳಿಚಿಕೊಳ್ಳುತ್ತದೆ. ಎರಡನ್ನೂ ಹಿಡಿಯುವ ಒಂದು ಬಣ್ಣ ಹುಡುಕುತ್ತಿದ್ದೇನೆ.

ಮೊನ್ನೆ ಕೊಪ್ಪಳದಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. "ಅಕ್ಕಾ, ನಾನೂ ಹಾಕ್ಕೊಳ್ಳಾ? ನನ್ನ ಲ್ಯಾಪ್‌ಟಾಪ್‌ನ್ಯಾಗ ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ" ಅಂದಳು. ಅವಳಿಗೆ ಹೇಳಿದ್ದು ಇಷ್ಟು. ಮೂಲ ಆಟ ಒಂದೇ ಹಾಕು, ಪ್ಯಾಕ್ ಬೇಡ. ಶುರುವೇ ಆಗದಿದ್ದರೆ ಪ್ರೊಸೆಸರ್ ಯಾವ ತಲೆಮಾರು ಅಂತ ನೋಡಿ ಪ್ಯಾಚ್ ಹಾಕು. ಓವರ್‌ವಾಚ್, ಎರರ್‌ಟ್ರ್ಯಾಪ್ ಮೊದಲ ದಿನವೇ ಇರಲಿ. ನೀರು, ನೆರಳಿನ ಗುಣಮಟ್ಟ ಕೆಳಗಿಳಿಸು. ಚೆನ್ನಾಗಿ ಓಡಿದರೆ ಸೀಸನ್ಸ್ ತಗೋ, ಆಮೇಲೆ ಜನರೇಶನ್ಸ್. ಐಲ್ಯಾಂಡ್ ಪ್ಯಾರಡೈಸ್ ಜೊತೆ ಬರುವ ದ್ವೀಪದ ಊರು ನೋಡೋಕೆ ಬಹಳ ಚೆಂದ, ಆದರೆ ಎಲ್ಲ ಊರಿಗಿಂತ ನಿಧಾನ, ಅದನ್ನು ಸದ್ಯಕ್ಕೆ ಬಿಡು. ಮುಂದಿನ ಭಾನುವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಬರುತ್ತೇನೆ ಅಂದಿದ್ದಾಳೆ, ಗ್ರಾಫಿಕ್ಸ್ ಫೈಲ್ ಇಬ್ಬರೂ ಕೂತು ತಿದ್ದುತ್ತೇವೆ.